ಬ್ಯಾನರ್, ಪೋಸ್ಟರ್‌ಗಳಲ್ಲಿ ಕನ್ನಡ ಅಕ್ಷರಾಲಂಕಾರ: ಒತ್ತು ಒಡೆಯದಂತೆ ಮಾಡುವುದು ಹೇಗೆ?

ರಾಜ್ಯೋತ್ಸವ, ನಾಡಹಬ್ಬ, ಶಾಲಾ ವಾರ್ಷಿಕೋತ್ಸವ, ಪುಸ್ತಕ ಬಿಡುಗಡೆ, ಶ್ರದ್ಧಾಂಜಲಿ ಸಭೆ, ಹೀಗೆ ಸಂಘದ ಯಾವ ಕಾರ್ಯಕ್ರಮವಾದರೂ ಮೊದಲು ಬೇಕಾಗುವುದು ಬ್ಯಾನರ್. ಊರು ಕಾಸರಗೋಡಿರಲಿ, ಸೊಲ್ಲಾಪುರವಿರಲಿ, ಹೊಸೂರು, ಆದೋನಿಗಳಿರಲಿ, ಅದನ್ನು ಮಾಡಿಕೊಡುವ ಡಿಟಿಪಿ ಅಂಗಡಿಯವರಿಗೆ ಕನ್ನಡ ಓದಲು ಬರುತ್ತದೆ ಎನ್ನುವ ಖಾತರಿಯಿಲ್ಲ. ಕೆಲಸದಲ್ಲಿ ಅವರು ನುರಿತವರೇ. ಆದರೆ ಒತ್ತು ಬಿಟ್ಟುಹೋದದ್ದು, ಅರ್ಕಾವತ್ತು ಜಾಗ ತಪ್ಪಿದ್ದು ಅವರ ಕಣ್ಣಿಗೆ ಬೀಳುವುದಿಲ್ಲ. ಬೀದಿಯಲ್ಲಿ ಕನ್ನಡ ಕಾಣುವುದೇ ಅಪರೂಪವಾದ ಊರಿನಲ್ಲಿ ನಮ್ಮ ಒಂದು ಬ್ಯಾನರೂ ತಪ್ಪಾಗಿ ನಿಂತರೆ, ಮಕ್ಕಳು ಅದನ್ನೇ ಸರಿ ಎಂದು ಓದಿಕೊಳ್ಳುತ್ತಾರೆ. ಆದ್ದರಿಂದ ಸ್ವತಃ ವಿನ್ಯಾಸ ಮಾಡುವ ಸದಸ್ಯರಿಗೂ, ಅಂಗಡಿಯವರ ಪಕ್ಕದಲ್ಲಿ ಕುಳಿತು ಮಾಡಿಸುವವರಿಗೂ ಈ ಮಾಹಿತಿಯನ್ನು ಇಲ್ಲಿ ಒಟ್ಟು ಮಾಡಿ ಕೊಡಲಾಗಿದೆ.

ಒಂದು ಸೂತ್ರ ನೆನಪಿಟ್ಟರೆ ಸಾಕು: ಮೊದಲು ಅಕ್ಷರ ಸರಿಯಾಗಬೇಕು, ಆಮೇಲೆ ಅಲಂಕಾರ.

ಅಕ್ಷರ ಎಂದರೆ ಕಂಪ್ಯೂಟರಿಗೆ ಏನು?

ನಮ್ಮ ಕಣ್ಣಿಗೆ 'ಕನ್ನಡ' ಮೂರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಅದು ಐದು ಸಂಕೇತ: ಕ, ನ, ಅರ್ಧಾಕ್ಷರ ಮಾಡುವ ಹಲಂತ, ಇನ್ನೊಂದು ನ, ಕೊನೆಗೆ ಡ. 'ಲಕ್ಷ್ಮೀ' ನಮಗೆ ಎರಡಕ್ಷರವಾದರೆ ಕಂಪ್ಯೂಟರಿಗೆ ಏಳು ಸಂಕೇತ. ಈ ಬಿಡಿ ಸಂಕೇತಗಳನ್ನು ಕೂಡಿಸಿ, ಒತ್ತನ್ನು ಕೆಳಗೆ ಕೂರಿಸಿ, ಅರ್ಕಾವತ್ತನ್ನು ಬಲಕ್ಕೆ ತರುವ ಕೆಲಸವನ್ನು ಸಾಫ್ಟ್‌ವೇರ್‌ನೊಳಗಿನ ಒಂದು ಭಾಗ ಮಾಡುತ್ತದೆ. ಫಾಂಟ್‌ನಲ್ಲಿ ಬರೆದಿಟ್ಟ ನಿಯಮಗಳನ್ನು ಓದಿ ಅದು ಅಕ್ಷರ ಜೋಡಿಸುತ್ತದೆ. ಈ ಭಾಗ ಇಲ್ಲದಿದ್ದರೆ ಅಥವಾ ಚಾಲನೆಯಲ್ಲಿ ಇಲ್ಲದಿದ್ದರೆ ಫಾಂಟ್ ಎಷ್ಟೇ ಒಳ್ಳೆಯದಿದ್ದರೂ 'ಕನ್ನಡ' ಹೋಗಿ 'ಕನ್‌ನಡ' ಆಗುತ್ತದೆ. ಫಾಂಟ್ ಬದಲಿಸಿದರೆ ಇದು ಸರಿಹೋಗುವುದಿಲ್ಲ, ಸೆಟ್ಟಿಂಗ್ ಬದಲಿಸಬೇಕು.

ಯುನಿಕೋಡೋ, ಹಳೆಯ ಫಾಂಟೋ?

ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಇಟ್ಟಿವೆ. ಸಾಫ್ಟ್‌ವೇರ್ ಅದನ್ನು ಇಂಗ್ಲಿಷ್ ಎಂದೇ ತಿಳಿಯುವುದರಿಂದ ಎಷ್ಟು ಹಳೆಯ ಆವೃತ್ತಿಯಲ್ಲೂ ಒತ್ತುಗಳು ಸರಿಯಾಗಿ ಕಾಣುತ್ತವೆ. ಪ್ರೆಸ್‌ಗಳು ಇವನ್ನು ಇನ್ನೂ ಬಿಡದಿರುವುದಕ್ಕೆ ಇದೇ ಕಾರಣ. ತೊಂದರೆಗಳೂ ಇವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಕಲಸುಮೇಲೋಗರ ಕಾಣುತ್ತದೆ. ವಾಕ್ಯದ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುವ ಆಟೋಕರೆಕ್ಟ್ ಚಾಲೂ ಇದ್ದರೆ ಒಂದು ಕನ್ನಡ ಅಕ್ಷರ ಹೋಗಿ ಇನ್ನೊಂದು ಬಂದು ಕೂರುತ್ತದೆ.

ಹಳೆಯ ಫಾಂಟ್‌ನಿಂದ ಯುನಿಕೋಡ್‌ಗೆ ಪರಿವರ್ತಿಸುವಾಗ ಹೆಚ್ಚು ಎಚ್ಚರ ಬೇಕು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಈ ಅದಲುಬದಲು ಆಗದೆ ಉಳಿದರೆ 'ಕರ್ನಾಟಕ' ಹೋಗಿ 'ಕನಾರ್ಟಕ', 'ಧರ್ಮ' ಹೋಗಿ 'ಧಮರ್', 'ವರ್ಷ' ಹೋಗಿ 'ವಷರ್' ಆಗುತ್ತದೆ. ಪರಿವರ್ತಿಸಿದ ಪಠ್ಯದಲ್ಲಿ ಅರ್ಕಾವತ್ತು ಇರುವ ಪ್ರತಿ ಪದವನ್ನೂ ಬೆರಳಿಟ್ಟು ಓದಿ.

ಹೊಸ ಕೆಲಸಕ್ಕೆ ಯುನಿಕೋಡ್ ಒಳ್ಳೆಯದು. ವಾಟ್ಸಾಪ್‌ನಲ್ಲಿ ಬಂದ ಹೆಸರು, ವಿಳಾಸಗಳನ್ನು ಹಾಗೆಯೇ ನಕಲು ಮಾಡಿ ಹಾಕಬಹುದು. ಮತ್ತೆ ಟೈಪ್ ಮಾಡುವ ಕೆಲಸ ಇಲ್ಲದ್ದರಿಂದ ಅಲ್ಲಿ ನುಸುಳುವ ತಪ್ಪುಗಳೂ ಇಲ್ಲ.

ಸಾಫ್ಟ್‌ವೇರ್ ಸಿದ್ಧ ಮಾಡಿಕೊಳ್ಳುವುದು

ಇಂಕ್‌ಸ್ಕೇಪ್, ಗಿಂಪ್: ಎರಡೂ ಉಚಿತ. ಯಾವ ಸೆಟ್ಟಿಂಗ್ ಮುಟ್ಟದೆಯೂ ಕನ್ನಡ ಸರಿಯಾಗಿ ಜೋಡಣೆಯಾಗುತ್ತದೆ. ಬ್ಯಾನರ್, ಲಾಂಛನಗಳಿಗೆ ಇಂಕ್‌ಸ್ಕೇಪ್, ಫೋಟೋ ಕೆಲಸಕ್ಕೆ ಗಿಂಪ್ ಅನುಕೂಲ.

ಫೋಟೋಶಾಪ್: ಪ್ಯಾರಾಗ್ರಾಫ್ ಪ್ಯಾನಲ್‌ನ ಮೆನುವಿನಲ್ಲಿ 'ವರ್ಲ್ಡ್ ರೆಡಿ ಲೇಔಟ್' ಆಯ್ಕೆ ಮಾಡಿ. ಅದು ಕಾಣದ ಹಳೆಯ ಸಿಸಿ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ, ಟೆಕ್ಸ್ಟ್ ಎಂಜಿನ್ ಎಂಬಲ್ಲಿ 'ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್' ಆರಿಸಿ, ಹೊಸ ಫೈಲ್ ತೆರೆಯಿರಿ.

ಇಲಸ್ಟ್ರೇಟರ್: ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ 'ಶೋ ಇಂಡಿಕ್ ಆಪ್ಷನ್ಸ್' ಗುರುತು ಹಾಕಿ, ಪ್ಯಾರಾಗ್ರಾಫ್ ಪ್ಯಾನಲ್‌ನಲ್ಲಿ ಸೌತ್ ಏಷ್ಯನ್ ಕಂಪೋಸರ್ ಆಯ್ಕೆ ಮಾಡಿ.

ಇನ್‌ಡಿಸೈನ್: 2012ರ ಸಿಎಸ್6 ಆವೃತ್ತಿಯಿಂದ ಕನ್ನಡಕ್ಕೆ ಬೆಂಬಲವಿದೆ. ಪ್ಯಾರಾಗ್ರಾಫ್ ಮೆನುವಿನಲ್ಲಿ 'ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಬೇಕು.

ಕೋರಲ್‌ಡ್ರಾ: 2012ರಲ್ಲಿ ಬಂದ ಎಕ್ಸ್6 ಮತ್ತು ಅದರ ನಂತರದ ಆವೃತ್ತಿ ಬೇಕು. ಅಂಗಡಿಯಲ್ಲಿ ಅದಕ್ಕಿಂತ ಹಳೆಯದಿದ್ದರೆ ಇಂಕ್‌ಸ್ಕೇಪ್‌ನಲ್ಲಿ ಅಕ್ಷರ ಮೂಡಿಸಿ, 'ಆಬ್ಜೆಕ್ಟ್ ಟು ಪಾತ್' ಮಾಡಿ, ಪಿಡಿಎಫ್ ಆಗಿ ಕೊಡಿ. ಆಗ ಅದು ಅಕ್ಷರವಲ್ಲ, ಚಿತ್ರರೇಖೆ. ಅವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ಒತ್ತು ಒಡೆಯುವುದಿಲ್ಲ.

ಯಾವುದೇ ಸಾಫ್ಟ್‌ವೇರ್ ಆಗಲಿ, ಕೆಲಸ ಶುರು ಮಾಡುವ ಮೊದಲು ಈ ಪದಗಳನ್ನು ಹಾಕಿ ನೋಡಿ: ಕನ್ನಡ, ಕರ್ನಾಟಕ, ರಾಜ್ಯೋತ್ಸವ, ಸಂಸ್ಕೃತಿ, ರಾಷ್ಟ್ರ, ಲಕ್ಷ್ಮೀ, ಸ್ವಾತಂತ್ರ್ಯ, ರಾಜ್‌ಕುಮಾರ್. ಇವು ಸರಿ ಬಂದರೆ ಉಳಿದವೂ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತವೆ. ಕೊನೆಯ ಹೆಸರಿನಲ್ಲಿ ಜಕಾರದ ಕೆಳಗೆ ಕಕಾರದ ಒತ್ತು ಬಂದು 'ರಾಜ್ಕುಮಾರ್' ಆಗಿದ್ದರೆ, ಎರಡರ ನಡುವೆ 'ಜೀರೋ ವಿಡ್ತ್ ನಾನ್ ಜಾಯ್ನರ್' ಎಂಬ ಕಾಣದ ಸಂಕೇತ ಸೇರಿಸಬೇಕು. ಆಹ್ವಾನ ಪತ್ರಿಕೆಯ ಹೆಸರುಗಳಲ್ಲಿ ಇದರ ಅಗತ್ಯ ಆಗಾಗ ಬೀಳುತ್ತದೆ.

ಅಲಂಕಾರಗಳು: ಎಲ್ಲಿ ಏನು ಕೆಡುತ್ತದೆ?

ಅಂಚುಗೆರೆ: ಕನ್ನಡದಲ್ಲಿ ಮೂಲಾಕ್ಷರ ಮತ್ತು ಒತ್ತು ಹೆಚ್ಚಾಗಿ ಬೇರೆ ಬೇರೆ ಆಕಾರಗಳು. ಒಂದರ ಮೇಲೊಂದು ತಾಗುವಲ್ಲಿ ಅಂಚುಗೆರೆ ಹಾಕಿದರೆ ಒಳಗಡೆ ಅಡ್ಡಗೆರೆಗಳು ಕಾಣುತ್ತವೆ. ಇದಕ್ಕೆ ಅಕ್ಷರವನ್ನು ರೇಖೆಯಾಗಿ ಪರಿವರ್ತಿಸಿ, ತುಣುಕುಗಳನ್ನು ಬೆಸೆಯಬೇಕು. ಇಂಕ್‌ಸ್ಕೇಪ್‌ನಲ್ಲಿ 'ಯೂನಿಯನ್', ಇಲಸ್ಟ್ರೇಟರ್‌ನಲ್ಲಿ ಪಾತ್‌ಫೈಂಡರ್‌ನ 'ಯುನೈಟ್', ಕೋರಲ್‌ನಲ್ಲಿ 'ವೆಲ್ಡ್'. ಫೋಟೋಶಾಪ್‌ನ ಲೇಯರ್ ಸ್ಟೈಲ್ ಇಡೀ ಆಕಾರದ ಹೊರಗೆರೆಯನ್ನಷ್ಟೇ ಹಿಡಿಯುವುದರಿಂದ ಅಲ್ಲಿ ಈ ಸಮಸ್ಯೆ ಇಲ್ಲ. ಕೋರಲ್‌ನಲ್ಲಿ ರೇಖೆಯನ್ನು 'ಬ್ರೇಕ್ ಅಪಾರ್ಟ್' ಮಾಡಿದರೆ ಅಕ್ಷರದ ಒಳಗಿನ ಖಾಲಿ ಜಾಗ ತುಂಬಿಹೋಗುತ್ತದೆ, ಅದನ್ನು ಮಾಡಬೇಡಿ.

ದಪ್ಪ ಅಂಚಿನಿಂದ ಇನ್ನೊಂದು ಅಪಾಯವಿದೆ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಇವುಗಳ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳಿನಲ್ಲಿದೆ. ಠಕಾರದ ಗುರುತು ಒಳಗಿನ ಚುಕ್ಕೆ. ಅಂಚು ದಪ್ಪವಾಗಿ ಇವು ಮುಚ್ಚಿಹೋದರೆ 'ಧನಸಹಾಯ' ದೂರದಿಂದ 'ದನಸಹಾಯ' ಆಗಿ ಕಾಣುತ್ತದೆ. ಅಂಚು ದಪ್ಪ ಬೇಕೆಂದರೆ ತೆಳ್ಳಗಿನ ಫಾಂಟ್ ಆರಿಸಿ.

ಕೃತಕ ದಪ್ಪ, ಕೃತಕ ಓರೆ: ಫಾಂಟ್‌ನಲ್ಲಿ ದಪ್ಪ ರೂಪ ಇಲ್ಲದಿದ್ದಾಗ ಸಾಫ್ಟ್‌ವೇರ್ ತಾನೇ ಉಬ್ಬಿಸುತ್ತದೆ. ಆಗಲೂ ಇದೇ ಸೀಳುಗಳು ಮುಚ್ಚುತ್ತವೆ. ಹಲವು ತೂಕಗಳಲ್ಲಿ ಸಿಗುವ ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2 ಬಳಸಿದರೆ ಉಬ್ಬಿಸುವ ಅಗತ್ಯವೇ ಬೀಳದು. ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ಮುದ್ರಣಕ್ಕೂ ಬಳಸಬಹುದು. ಕೈಬರಹದ ಲವಲವಿಕೆ ಬೇಕಾದ ಶೀರ್ಷಿಕೆಗೆ ಅಲ್ಲೇ ಸಿಗುವ ಅಕಾಯ ಕನ್ನಡಕವನ್ನು ಪ್ರಯೋಗಿಸಿ ನೋಡಬಹುದು.

ಅಕ್ಷರಗಳ ನಡುವಿನ ಅಂತರ: ಇಂಗ್ಲಿಷ್ ಶೀರ್ಷಿಕೆಯಂತೆ ಅಕ್ಷರಗಳನ್ನು ದೂರ ದೂರ ಇಡುವ ಆಸೆ ಸಹಜ. ಆದರೆ 'ಕೀ' ಅಕ್ಷರದ ದೀರ್ಘ, ಬಲಕ್ಕೆ ಬರುವ ಅರ್ಕಾವತ್ತು ಇವು ಫಾಂಟ್‌ನಲ್ಲಿ ಬಿಡಿ ತುಣುಕುಗಳು. ಅಂತರ ಹೆಚ್ಚಿಸಿದಾಗ ಕೆಲವು ಸಾಫ್ಟ್‌ವೇರ್‌ಗಳು ಅವನ್ನೂ ತಮ್ಮ ಅಕ್ಷರದಿಂದ ದೂರ ತಳ್ಳುತ್ತವೆ. ಹಳೆಯ ಫಾಂಟ್‌ಗಳಲ್ಲಿ ಇದು ಇನ್ನೂ ಹೆಚ್ಚು. ಅಂತರ ಬೇಕೇ ಬೇಕೆಂದರೆ ರೇಖೆಯಾಗಿ ಪರಿವರ್ತಿಸಿದ ಮೇಲೆ ಒಂದೊಂದು ಅಕ್ಷರದ ತುಣುಕುಗಳನ್ನು ಗುಂಪು ಮಾಡಿ ಕೈಯಾರೆ ಸರಿಸಿ.

ಸಾಲುಗಳ ನಡುವಿನ ಅಂತರ: ಮೇಲಿನ ಸಾಲಿನ ಒತ್ತು, ಕೆಳಗಿನ ಸಾಲಿನ ಗುಡಿಸು ಒಂದಕ್ಕೊಂದು ಡಿಕ್ಕಿಯಾಗಬಾರದು. ನೆರಳು ಅಥವಾ ಹೊಳಪು ಹಾಕುವುದಿದ್ದರೆ ಇನ್ನಷ್ಟು ಜಾಗ ಬಿಡಿ. 'ಸ್ವಾತಂತ್ರ್ಯ'ದಂತೆ ಎರಡು ಒತ್ತು ಇರುವ ಪದವನ್ನು ಹಾಕಿ ಅಳತೆ ನೋಡಿ.

ಕಮಾನು, ವೃತ್ತ: ಸಂಘದ ಮೊಹರು, ಲಾಂಛನಗಳಲ್ಲಿ ಹೆಸರನ್ನು ವೃತ್ತದ ಮೇಲೆ ಕೂರಿಸುವುದು ರೂಢಿ. ಮೇಲಿನ ಕಮಾನಿನಲ್ಲಿ ಅಕ್ಷರಗಳ ತಲೆ ಅಗಲುತ್ತದೆ, ಬುಡ ಒತ್ತೊತ್ತಾಗುತ್ತದೆ. ಒತ್ತುಗಳು ಬುಡದಲ್ಲಿರುವುದರಿಂದ ಒಂದಕ್ಕೊಂದು ತಾಗುತ್ತವೆ. ಕೆಳಗಿನ ಕಮಾನಿನಲ್ಲಿ ಇದು ತಿರುವುಮುರುವು, ಅಲ್ಲಿ ಗುಡಿಸು, ಏತ್ವಗಳು ತಾಗುತ್ತವೆ. ವೃತ್ತ ದೊಡ್ಡದು, ಅಕ್ಷರ ಚಿಕ್ಕದು ಮಾಡಿದರೆ ಎರಡೂ ತಪ್ಪುತ್ತವೆ. ಹೆಸರಿನಲ್ಲಿ ಒತ್ತು ಹೆಚ್ಚಿದ್ದರೆ ಕೆಳಗಿನ ಕಮಾನು ಉತ್ತಮ.

ಮೇಲಿನಿಂದ ಕೆಳಕ್ಕೆ ಬರೆಯುವುದು, ಅನಿಮೇಷನ್: ಕಂಬದ ಬೋರ್ಡಿಗೆ 'ಗ್ರಂಥಾಲಯ' ಎಂದು ಉದ್ದಕ್ಕೆ ಬರೆಯುವಾಗ ಗ್ರಂ, ಥಾ, ಲ, ಯ ಎಂದು ನಾಲ್ಕು ಸಾಲಾಗಬೇಕು. ಸಾಫ್ಟ್‌ವೇರ್‌ಗೆ ಬಿಟ್ಟರೆ ಗಕಾರ ಒಂದು ಕಡೆ, ರಕಾರ ಇನ್ನೊಂದು ಕಡೆ ಹೋಗಬಹುದು. ಪ್ರತಿ ಅಕ್ಷರದ ನಂತರ ನೀವೇ ಎಂಟರ್ ಒತ್ತಿ. ವಿಡಿಯೋದಲ್ಲಿ ಒಂದೊಂದೇ ಅಕ್ಷರ ಮೂಡಿಬರುವಂತೆ ಮಾಡುವಾಗಲೂ ಹೀಗೆಯೇ ಅಕ್ಷರಗಳನ್ನು ಬೇರೆ ಬೇರೆ ಪದರಗಳಲ್ಲಿ ಇಡುವುದು ಕ್ಷೇಮ.

ಎರಡು ಲಿಪಿಯ ಫಲಕ

ಗಡಿ ಊರುಗಳಲ್ಲಿ ಕನ್ನಡದ ಜೊತೆ ಮಲಯಾಳಂ, ತಮಿಳು, ಮರಾಠಿ ಅಥವಾ ತೆಲುಗು ಇರುವುದು ಸಾಮಾನ್ಯ. ಎರಡಕ್ಕೂ ಒಂದೇ ಪಾಯಿಂಟ್ ಅಳತೆ ಕೊಟ್ಟರೆ ಒಂದು ದೊಡ್ಡದು, ಇನ್ನೊಂದು ಚಿಕ್ಕದು ಕಾಣಬಹುದು. ಅಂಕಿ ನೋಡದೆ ಕಣ್ಣಳತೆಯಲ್ಲಿ ಸರಿದೂಗಿಸಿ. ಒಂದೇ ಕುಟುಂಬದ ಫಾಂಟ್‌ಗಳನ್ನು ಬಳಸಿದರೆ ಈ ಕೆಲಸ ಸುಲಭ. ನೋಟೋ ಮತ್ತು ಅನೇಕ್ ಎರಡರಲ್ಲೂ ಈ ಎಲ್ಲ ಲಿಪಿಗಳಿವೆ. ಎಕ್ ಟೈಪ್ ಸಂಸ್ಥೆ ರೂಪಿಸಿದ ಬಾಲೂ ಕುಟುಂಬದಲ್ಲಂತೂ ಹೆಸರುಗಳೇ ನೆಂಟಸ್ತಿಕೆಯವು: ಕನ್ನಡಕ್ಕೆ ತಮ್ಮ, ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು, ಮಲಯಾಳಂಗೆ ಚೇಟ್ಟನ್.

ಪ್ರೆಸ್‌ಗೆ ಕಳಿಸುವ ಮುನ್ನ

1. ಫೈಲನ್ನು ಎರಡು ಪ್ರತಿ ಮಾಡಿ. ಒಂದರಲ್ಲಿ ಅಕ್ಷರ ಅಕ್ಷರವಾಗಿಯೇ ಇರಲಿ, ಮುಂದಿನ ವರ್ಷ ದಿನಾಂಕ ಬದಲಿಸಲು ಬೇಕಾಗುತ್ತದೆ. ಇನ್ನೊಂದನ್ನು ರೇಖೆಯಾಗಿ ಪರಿವರ್ತಿಸಿ ಪ್ರೆಸ್‌ಗೆ ಕೊಡಿ.
2. ರೇಖೆಯಾದ ಪ್ರತಿಯನ್ನೇ ಮತ್ತೊಮ್ಮೆ ಓದಿ. ಪರಿವರ್ತನೆಯ ಹೊತ್ತಿನಲ್ಲೂ ಒತ್ತು ಜಾರುವುದುಂಟು.
3. ವ್ಯಕ್ತಿಗಳ ಹೆಸರು, ಊರಿನ ಹೆಸರುಗಳನ್ನು ವಿನ್ಯಾಸ ಮಾಡದ ಇನ್ನೊಬ್ಬರು ಗಟ್ಟಿಯಾಗಿ ಓದಲಿ.
4. ಚಿತ್ರವನ್ನು ಮೊಬೈಲಿನಲ್ಲಿ ಚಿಕ್ಕದು ಮಾಡಿ ನೋಡಿ. ಧ, ಠ, ಫ ಗುರುತು ಸಿಗದಿದ್ದರೆ ಅಂಚು ತೆಳ್ಳಗೆ ಮಾಡಿ.
5. ಪೋಸ್ಟರನ್ನು ಗುಂಪುಗಳಲ್ಲಿ ಹಂಚುವಾಗ ಅದರ ವಿವರವನ್ನು ಪಠ್ಯವಾಗಿಯೂ ಕೆಳಗೆ ಹಾಕಿ. ಕಣ್ಣು ಕಾಣದವರ ಮೊಬೈಲ್ ಅದನ್ನು ಓದಿ ಹೇಳುತ್ತದೆ, ಮುಂದೆ ಹುಡುಕಿದಾಗಲೂ ಸಿಗುತ್ತದೆ.

ನೆರಳು, ಹೊಳಪು, ಚಿನ್ನದ ಬಣ್ಣ ಎಲ್ಲವೂ ಇರಲಿ. ಆದರೆ ಬ್ಯಾನರ್ ಕಟ್ಟುವ ಹಗ್ಗ ಬಿಗಿಯುವ ಮೊದಲು ಅದನ್ನು ಕನ್ನಡ ಬಲ್ಲವರೊಬ್ಬರು ಪೂರ್ತಿ ಓದಿರಬೇಕು. ಈ ಜವಾಬ್ದಾರಿಯನ್ನು ಪ್ರತಿ ಘಟಕದಲ್ಲಿ ಒಬ್ಬ ಸದಸ್ಯರು ವಹಿಸಿಕೊಂಡರೆ ಒಳ್ಳೆಯದು.