ತಿಪ್ಪಗೊಂಡನಹಳ್ಳಿ: ನೀರಿನ ಊರು, ನೋವಿನ ಊರು

ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯ ಹೆಸರು ಬೆಂಗಳೂರಿನ ಹಳಬರಿಗೆ ಚೆನ್ನಾಗಿ ಗೊತ್ತು. ಅವರ ಮನೆಯ ನಲ್ಲಿಗೆ ನೀರು ಬರುತ್ತಿದ್ದುದು ಇಲ್ಲಿಂದ. ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿಯೂ ಶಿವಗಂಗೆಯಿಂದ ಇಳಿಯುವ ಕುಮುದ್ವತಿಯೂ ಸೇರುವೆಡೆಯಲ್ಲಿ 1933ರ ಹೊತ್ತಿಗೆ ಅಣೆಕಟ್ಟು ಎದ್ದಿತು. ಅದಕ್ಕೆ ಚಾಮರಾಜಸಾಗರವೆಂದು ಹೆಸರಿಟ್ಟರೂ ಜನರ ಬಾಯಲ್ಲಿ ಉಳಿದದ್ದು ಊರಿನ ಹೆಸರೇ. ಕಾವೇರಿ ನೀರು ಬರುವ ತನಕ ರಾಜಧಾನಿಯ ಬಾಯಾರಿಕೆ ನೀಗಿಸಿದ ಈ ಜಲಾಶಯಕ್ಕೆ ಆಮೇಲೆ ಅದೇ ನಗರದ ಕೊಳಚೆ ಹರಿದು ಬಂತು. ಮೇಲಿನ ಕಾಲುವೆಗಳು ಒತ್ತುವರಿಯಾದವು, ಒಳಹರಿವು ಸೊರಗಿತು. ಇಲ್ಲಿನ ನೀರು ಕುಡಿಯಲು ಯೋಗ್ಯವಲ್ಲ ಎನ್ನುವ ಸ್ಥಿತಿಯೂ ಬಂತು.

ನೀರು ಕೊಟ್ಟ ಊರು ಎಂಬ ಈ ಹೆಸರಿನ ಮೇಲೆ 2016ರ ನವೆಂಬರ್ 7ರಂದು ಇನ್ನೊಂದು ಗುರುತು ಬಿತ್ತು. ‘ಮಾಸ್ತಿಗುಡಿ’ ಚಿತ್ರದ ಕೊನೆಯ ಹೊಡೆದಾಟದ ದೃಶ್ಯದ ಚಿತ್ರೀಕರಣ ಈ ಜಲಾಶಯದಲ್ಲಿ ನಡೆದಿತ್ತು. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು: ನಾಯಕ ದುನಿಯಾ ವಿಜಯ್, ಖಳಪಾತ್ರಗಳ ಅನಿಲ್ ಮತ್ತು ಉದಯ್. ವಿಜಯ್ ಬದುಕಿ ದಡ ಸೇರಿದರು. ಉಳಿದಿಬ್ಬರು ಕೈಕಾಲು ಬಡಿಯುತ್ತ ಮುಳುಗಿದರು. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ತಮಗೆ ಈಜು ಅಷ್ಟಾಗಿ ಬಾರದೆಂದು, ಎತ್ತರವೆಂದರೆ ಭಯವೆಂದು ಹಾರುವ ಮುಂಚೆ ಟಿ.ವಿ. ಕ್ಯಾಮೆರಾ ಎದುರೇ ಹೇಳಿಕೊಂಡಿದ್ದರು. ನಗುನಗುತ್ತಲೇ ಹೇಳಿದ್ದ ಆ ಮಾತನ್ನು ಸಂಜೆಯಿಂದ ಕರ್ನಾಟಕವೆಲ್ಲ ಮತ್ತೆ ಮತ್ತೆ ನೋಡಿತು. ಭಯವಿದೆ ಎಂದವರನ್ನು ‘ಹಾಗಾದರೆ ಬೇಡ, ಇಳಿಯಿರಿ’ ಎನ್ನುವ ಒಬ್ಬರೂ ಆ ದಡದಲ್ಲಿ ಇರಲಿಲ್ಲವೇ? ನನ್ನನ್ನು ಇಂದಿಗೂ ಕಾಡುವ ಪ್ರಶ್ನೆ ಇದು.

ಶವಗಳು ಬೇಗ ಸಿಗಲಿಲ್ಲ. ಅಗ್ನಿಶಾಮಕದವರು, ವಿಪತ್ತು ನಿರ್ವಹಣಾ ಪಡೆಯವರು, ಮುಳುಗು ತಜ್ಞರು ಹೂಳು ತುಂಬಿದ ನೀರಿನಲ್ಲಿ ದಿನಗಟ್ಟಲೆ ಹುಡುಕಿದರು. ದಡದಲ್ಲಿ ಮನೆಯವರ ಗೋಳು, ಸುತ್ತಲ ಹಳ್ಳಿಗಳ ಜನ, ಚಿತ್ರರಂಗದವರು, ಸುದ್ದಿವಾಹಿನಿಗಳ ವಾಹನಗಳ ಸಾಲು. ಆ ಕಾಯುವಿಕೆಯಲ್ಲೇ ದುಃಖ ಸಿಟ್ಟಾಯಿತು. ಇಬ್ಬರ ಆಪ್ತ ಗೆಳೆಯನಾಗಿದ್ದ ವಿಜಯ್ ಅವರನ್ನೇ ಕೆಲವರು ಬೈದರು. ಹಾಗೆ ಬೈದದ್ದು ನನಗೆ ಸರಿ ಕಾಣುವುದಿಲ್ಲ. ಅವರೂ ಅದೇ ಹೆಲಿಕಾಪ್ಟರಿನಿಂದ ಹಾರಿದವರು. ಆದರೆ ಸಿಟ್ಟು ಸುಳ್ಳಾಗಿರಲಿಲ್ಲ. ರಕ್ಷಣೆಗೆ ಸಜ್ಜಾದ ದೋಣಿ ಹೊತ್ತಿಗೆ ಸರಿಯಾಗಿ ಏಕೆ ಬರಲಿಲ್ಲ, ಮುಳುಗುಗಾರರು ಎಲ್ಲಿದ್ದರು, ಜಲಮಂಡಳಿಯ ಜಾಗದಲ್ಲಿ ಇಂಥ ಸಾಹಸಕ್ಕೆ ಒಪ್ಪಿಗೆ ಇತ್ತೇ ಎಂದು ಜನ ಕೇಳಿದ್ದು ನ್ಯಾಯವಾಗಿಯೇ ಇತ್ತು.

ತಾವರೆಕೆರೆ ಪೊಲೀಸರು ಕೊಲೆಯಲ್ಲದ ನರಹತ್ಯೆಯ ಮೊಕದ್ದಮೆ ಹೂಡಿದರು. ನಿರ್ಮಾಪಕರು, ನಿರ್ದೇಶಕರು, ಸಾಹಸ ನಿರ್ದೇಶಕರು ಬಂಧನಕ್ಕೊಳಗಾದರು. ಚಿತ್ರ 2017ರ ಮೇ ತಿಂಗಳಲ್ಲಿ ತೆರೆಗೆ ಬಂತು.

ಈ ಸೀಮೆಗೆ ಸಿನಿಮಾದವರು ಹೊಸಬರಲ್ಲ. ರಾಮನಗರದ ಬಂಡೆಗಳ ನಡುವೆ ‘ಶೋಲೆ’ ತಯಾರಾದಂದಿನಿಂದ ಬಂಡೆ, ಕೆರೆ, ಕಾಡು ಹುಡುಕಿ ತಂಡಗಳು ಬರುತ್ತಲೇ ಇವೆ. ಹಾಗೆ ಬರುವವರಿಗೆ ಈ ನೀರಿನ ಗುಣ ಹೇಳಬಲ್ಲವರು ಇಲ್ಲೇ ಇದ್ದಾರೆ. ಕೆಳಗಿನ ಮಂಚನಬೆಲೆಯಲ್ಲಾಗಲಿ, ಅರ್ಕಾವತಿ ಕಾವೇರಿಯನ್ನು ಸೇರುವ ಕನಕಪುರದ ಸಂಗಮದಲ್ಲಾಗಲಿ, ವಾರಾಂತ್ಯಕ್ಕೆ ಬಂದ ಹುಡುಗರು ನೀರುಪಾಲಾಗುವುದನ್ನು ಕಂಡು ಕಂಡು ಸೋತವರು ಅವರು. ಎಲ್ಲಿ ಮಡು, ಎಲ್ಲಿ ಕೆಸರು, ಎಲ್ಲಿ ಕಾಲು ಹೂತುಹೋಗುತ್ತದೆ ಎಂಬುದು ಮೀನು ಹಿಡಿಯುವವರಿಗೆ ಗೊತ್ತಿರುತ್ತದೆ. ಚಿತ್ರೀಕರಣದ ಒಪ್ಪಿಗೆ ಪತ್ರ ಬರೆಯುವ ಮೊದಲು ಅವರನ್ನು ಕರೆದು ಕೇಳುವುದನ್ನು ಕಡ್ಡಾಯ ಮಾಡಬೇಕು. ಅವರ ತೆಪ್ಪಗಳು ನೀರಿನಲ್ಲಿ ಸಿದ್ಧವಾಗಿ ನಿಂತ ಮೇಲಷ್ಟೇ ಕ್ಯಾಮೆರಾ ಓಡಬೇಕು.

‘ಮಾಸ್ತಿಗುಡಿ’ಯ ಪಾಠವನ್ನು ಕಲಿತಂತೆ ಕಾಣಲಿಲ್ಲ. 2021ರ ಆಗಸ್ಟ್‌ನಲ್ಲಿ ಇದೇ ಜಿಲ್ಲೆಯ ಬಿಡದಿ ಬಳಿ ‘ಲವ್ ಯೂ ರಚ್ಚು’ ಚಿತ್ರೀಕರಣದಲ್ಲಿ ವಿದ್ಯುತ್ ತಂತಿಯ ಸ್ಪರ್ಶವಾಗಿ ಒಬ್ಬ ಯುವ ಸಾಹಸ ಕಲಾವಿದ ಸತ್ತ. ಮತ್ತೆ ಬಂಧನಗಳು, ಮತ್ತೆ ಸಂತಾಪದ ಮಾತುಗಳು. ತಂತಿ ಹಾದುಹೋಗಿದ್ದ ಜಾಗವನ್ನು ಮೊದಲೇ ಯಾರು ನೋಡಬೇಕಿತ್ತು ಎಂದು ಜನ ಮತ್ತೆ ಕೇಳಬೇಕಾಯಿತು.