ಹಗ್ಗದಿಂದ ಲೆನ್ಸಿನವರೆಗೆ

ಕರಡಿಯ ಹತ್ತಿರ ಹೋಗಬೇಕೆಂಬ ಆಸೆ ಕ್ಯಾಮೆರಾದ ಜೊತೆ ಹುಟ್ಟಿದ್ದಲ್ಲ. ಹಳೇ ಮೈಸೂರು ಸೀಮೆಯ ಹಳ್ಳಿಗಳಿಗೆ ಕಲಂದರರು ಕರಡಿ ಆಡಿಸಿಕೊಂಡು ಬಂದರೆ, ಹೆದರಿಕೊಂಡ ಕೂಸನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು, ಕೂದಲು ಕೇಳಿ ಪಡೆದು ತಾಯಿತದಲ್ಲಿಡುತ್ತಿದ್ದರು. ಆ ಸಲಿಗೆಗೆ ಬೆಲೆ ತೆತ್ತದ್ದು ಕರಡಿ: ಕಾಡಿನಿಂದ ಕದ್ದ ಮರಿ, ಚುಚ್ಚಿ ಹಗ್ಗ ಪೋಣಿಸಿದ ಮೂತಿ, ಮುರಿದ ಕೋರೆಹಲ್ಲು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದರೂ ಆಟ ನಿಲ್ಲಲಿಲ್ಲ. ಕುಣಿಸುವ ಕರಡಿಗಳಲ್ಲಿ ಕೊನೆಯದೆನ್ನಲಾದ ರಾಜು ಬನ್ನೇರುಘಟ್ಟದ ಪುನರ್ವಸತಿ ಕೇಂದ್ರ ಸೇರಿದ್ದು 2009ರಲ್ಲಿ. ಕಲಂದರರಿಗೂ ಅದು ಹೊಟ್ಟೆಪಾಡೇ ಆಗಿತ್ತೆನ್ನಿ. ಆದರೆ ಮನುಷ್ಯ ನಿರ್ಭಯವಾಗಿ ಮುಟ್ಟಿದ ಕರಡಿ ಕಾಡಿನ ಕರಡಿಯಾಗಿ ಉಳಿದಿರಲಿಲ್ಲ ಎಂಬುದು, ಕರಡಿಯನ್ನು ದೂರದಿಂದಲೇ ನೋಡಬೇಕೆಂಬ ನನ್ನ ವಾದದ ಮೊದಲ ಸಾಕ್ಷಿ.

ಕಾಡಿನ ಕರಡಿ ಎಂಥದೆಂದು ತಿಳಿಯಲು ಇದೇ ಹಳೇ ಮೈಸೂರು ಸೀಮೆಯ ಶೀಳನೆರೆ ಊರಿನವರು ಬಹುದೂರ ಹೋಗಬೇಕಿಲ್ಲ. ಚನ್ನರಾಯಪಟ್ಟಣ ದಾಟಿದರೆ ಅರಸೀಕೆರೆ ಸೀಮೆ. ಅಲ್ಲಿನ ಗುಡ್ಡಗಳಲ್ಲಿ ಜನರ ಮುಖ ಸಿಗಿದು ಕೊಲ್ಲುತ್ತಿದ್ದ ಕರಡಿಯೊಂದರ ಕಥೆಯನ್ನು ಬೇಟೆಗಾರ ಕೆನೆತ್ ಆಂಡರ್ಸನ್ 1957ರ ಪುಸ್ತಕದಲ್ಲಿ ಬರೆದಿದ್ದಾನೆ. ಬೇಟೆಯ ಕಥೆಗೆ ಉಪ್ಪುಖಾರ ಇದ್ದೇ ಇರುತ್ತದೆ, ಆದರೂ ಗಾಯದ ವಿವರ ಸುಳ್ಳಲ್ಲ. ಕರಡಿಯ ಮೂಗು ಚುರುಕು, ಕಣ್ಣು ಮಂದ. ಗೆದ್ದಲು ಹೀರುವುದರಲ್ಲಿ ಮುಳುಗಿದ್ದಾಗ ಎದುರಾದವನನ್ನು ಅದು ಗುರುತಿಸುವುದು ತೀರಾ ಹತ್ತಿರದಲ್ಲಿ. ಹುಲಿಯಿದ್ದ ಕಾಡಿನಲ್ಲಿ ಬದುಕಿದ ಪ್ರಾಣಿ ಆಗ ಓಡುವುದಕ್ಕಿಂತ ಮೇಲೆರಗುವುದೇ ಹೆಚ್ಚು. ಬೆನ್ನ ಮೇಲೆ ಮರಿಯಿದ್ದರಂತೂ ಕೇಳುವುದೇ ಬೇಡ. ಗೆದ್ದಲು ಹುತ್ತ ಅಗೆಯಲೆಂದೇ ಇರುವ ಆ ಉಗುರಿನ ಮುಂದೆ ಫೋಟೊಗ್ರಾಫರನ ಅನುಭವ, ಧೈರ್ಯ ಯಾವುದೂ ಲೆಕ್ಕಕ್ಕಿಲ್ಲ.

ಹತ್ತಿರ ಹೋಗದೆ ಕರಡಿಯನ್ನು ನೋಡುವುದು ಹೇಗೆಂಬ ಈ ತೊಡಕಿಗೆ ಕರ್ನಾಟಕ ಕಂಡುಕೊಂಡ ಉಪಾಯ ದರೋಜಿ. ಹಂಪಿಗೆ ಸಮೀಪದ ಈ ಕುರುಚಲು ಬಂಡೆಗಾಡನ್ನು 1994ರಲ್ಲಿ ಕರಡಿಧಾಮವೆಂದು ಘೋಷಿಸಿದರು. ಈಗ ವಿಸ್ತೀರ್ಣ ಸುಮಾರು 82 ಚದರ ಕಿ.ಮೀ. ನೋಡುವವರು ವೀಕ್ಷಣಾ ಗೋಪುರದಲ್ಲಿ, ಕರಡಿ ಎದುರಿನ ಕರಡಿಕಲ್ಲು ಗುಡ್ಡದಲ್ಲಿ. ನಡುವಿನ ಕಣಿವೆಯೇ ಇಬ್ಬರಿಗೂ ರಕ್ಷೆ, ಅಂತರ ತುಂಬುವುದು ಉದ್ದನೆಯ ಲೆನ್ಸು. ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತೋಚದು. ಆದರೆ ಸಂಜೆ ಕರಡಿ ಹೊರಬರಲೆಂದು ಬಂಡೆಗೆ ಬೆಲ್ಲ, ಜೇನು ಸವರುವ ರೂಢಿಯೂ ಅದರ ಜೊತೆಗೇ ಬೆಳೆಯಿತು. ನೋವಿಲ್ಲದಿರಬಹುದು, ಆದರೂ ಇದು ಕರಡಿಯನ್ನು ನಮ್ಮ ವೇಳೆಗೆ, ನಮ್ಮ ಜಾಗಕ್ಕೆ ಕರೆಸುವ ಹಗ್ಗವೇ. ಸುತ್ತ ಹೊಲಗದ್ದೆಗಳಿರುವ ಕಡೆ ಮನುಷ್ಯನ ವಾಸನೆಯನ್ನೂ ಸಿಹಿಯನ್ನೂ ಕೂಡಿಸಿ ಕಲಿಸುವುದು ಜಾಣತನವಲ್ಲ.

ಕಣ್ಣಿಗೆ ಬೀಳದ ಪ್ರಾಣಿಯನ್ನು ಜನ ಯಾಕೆ ಉಳಿಸಿಕೊಂಡಾರು ಎಂಬ ಆಕ್ಷೇಪ ಹಗುರವಾದುದಲ್ಲ. ದರೋಜಿಯ ಚಿತ್ರಗಳು ಕರಡಿಗೆ ಅಭಿಮಾನಿಗಳನ್ನು ತಂದುಕೊಟ್ಟದ್ದು ನಿಜ. ಆದರೆ ಶೀಳನೆರೆಯಿಂದ ದೂರವಲ್ಲದ ಮೇಲುಕೋಟೆ ವನ್ಯಧಾಮ 1974ರಲ್ಲಿ ಆದದ್ದು ಮುಖ್ಯವಾಗಿ ತೋಳಕ್ಕಾಗಿ. ಯಾರೂ ತೋಳಕ್ಕೆ ಮಾಂಸ ಹಾಕಿ ಪ್ರವಾಸಿಗರಿಗೆ ತೋರಿಸಲಿಲ್ಲ. ಕಾಣಿಸಿಕೊಳ್ಳುವುದು ಸಂರಕ್ಷಣೆಯ ಷರತ್ತಾಗಬೇಕಿಲ್ಲ. ದರೋಜಿಯ ಗೋಪುರ ಇರಲಿ, ಬೆಲ್ಲ ನಿಲ್ಲಲಿ. ಕರಡಿ ಬಾರದ ಸಂಜೆ ಬರಿಗೈಲಿ ಮರಳಲು ಫೋಟೊಗ್ರಾಫರು ಸಿದ್ಧರಿರಲಿ.