ಕರಿಯ ಕಂಬಳಿಯ ಚರಿತ್ರೆ

ಚಳಿಯನ್ನು ಗೆಲ್ಲುವುದಕ್ಕೆ ಮನುಷ್ಯನು ಕಂಡುಕೊಂಡ ಸಾಧನಗಳಲ್ಲಿ ಬೆಂಕಿಯ ತರುವಾಯ ಎಣಿಸತಕ್ಕುದು ಕಂಬಳಿ. ಬೆಂಕಿಯು ಶಾಖವನ್ನು ಹುಟ್ಟಿಸುತ್ತದೆ. ಕಂಬಳಿಯು ಹುಟ್ಟಿಸುವುದಿಲ್ಲ, ದೇಹದಲ್ಲಿ ಹುಟ್ಟಿದುದನ್ನು ಹೊರಗೆ ಹೋಗಗೊಡದೆ ಕಾಯುತ್ತದೆ. ಕನ್ನಡ ನಾಡಿನಲ್ಲಿ ಈ ಕಾವಲನ್ನು ಬಹುಕಾಲ ನಡೆಸಿಕೊಂಡು ಬಂದುದು ಕುರುಬರ ಕರಿಯ ಕಂಬಳಿ. ಅದು ಒರಟು, ಮೈಗೆ ಚುಚ್ಚುವುದು ಎಂಬ ಅಪವಾದವು ಹಳೆಯದು. ಆದರೆ ಆ ಒರಟುತನವೇ ಅದರ ಗುಣಕ್ಕೆ ಮೂಲವಾಗಿತ್ತೆಂಬುದು ಅದರ ಚರಿತ್ರೆಯನ್ನು ನೋಡಿದರೆ ತಿಳಿಯುತ್ತದೆ.

ಕಂಬಳಿಯೆಂಬ ಮಾತು ಸಂಸ್ಕೃತದ ಕಂಬಲ ಶಬ್ದದೊಡನೆ ಸಂಬಂಧವುಳ್ಳದ್ದು. ಮೈಸೂರಿನ ಪ್ರಾಚ್ಯಪುಸ್ತಕಾಲಯದ ಪಂಡಿತ ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ರಾಜನ ಭಂಡಾರಕ್ಕೆ ಸೇರತಕ್ಕ ವಸ್ತುಗಳ ಪರೀಕ್ಷೆಯನ್ನು ಹೇಳುವ ಅಧ್ಯಾಯವೊಂದುಂಟು. ಅಲ್ಲಿ ಕಂಬಳಿ, ಕುದುರೆಯ ಮೇಲ್ಹಾಸು ಮೊದಲಾದ ಕುರಿಯುಣ್ಣೆಯ ಬಟ್ಟೆಗಳನ್ನು ಹೆಸರಿಸಿ, ನಯವಾಗಿಯೂ ಮೃದುವಾಗಿಯೂ ಇರುವುದು ಶ್ರೇಷ್ಠವೆಂದು ತೀರ್ಮಾನಿಸಿದೆ. ಆದರೆ ಅದೇ ಪ್ರಕರಣದಲ್ಲಿ ನೇಪಾಳದಿಂದ ಬರುವ, ಎಂಟು ತುಂಡುಗಳನ್ನು ಜೋಡಿಸಿದ ಕಪ್ಪು ಕಂಬಳಿಯೊಂದನ್ನು ಹೇಳುವಾಗ, ಅದು ಮಳೆಯನ್ನು ತಡೆಯುವುದೆಂಬ ಗುಣವನ್ನು ಗ್ರಂಥಕಾರನು ಮರೆತಿಲ್ಲ. ಅರಮನೆಗೆ ಬೇಕಾದುದು ಒಂದು, ಬಯಲಿನಲ್ಲಿ ಬಾಳುವವನಿಗೆ ಬೇಕಾದುದು ಇನ್ನೊಂದು ಎಂಬ ಭೇದವು ಅಷ್ಟು ಹಿಂದೆಯೇ ಇದ್ದಿತು.

ಬಯಲಿನಲ್ಲಿ ಬಾಳುವವರ ಕಂಬಳಿಯೇ ಕನ್ನಡ ನಾಡಿನದು. 1800 ಮತ್ತು 1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಕುರಿ ಸಾಕಿ ಕಂಬಳಿ ನೇಯುವ ಕುರುಬರ ಸಂಗತಿಯನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿರುವನು. ದಖ್ಖನಿನ ಕುರಿಯ ಉಣ್ಣೆಯನ್ನು ವರುಷಕ್ಕೆ ಎರಡಾವೃತ್ತಿ ಕತ್ತರಿಸುವುದು ವಾಡಿಕೆ. ಅದನ್ನು ಬಿಡಿಸಿ ಹೆಂಗಸರು ನೂಲುವರು. ಹಾಸಿನ ನೂಲಿಗೆ ಹುಣಿಸೆಬೀಜದ ಸರಿಯನ್ನು ಬಳಿದು ಗಡುಸು ಮಾಡಿ, ಗಂಡಸರು ಮಗ್ಗಕ್ಕೆ ಏರಿಸುವರು. ಕುರಿಯ ಮೈಬಣ್ಣವೇ ಕಂಬಳಿಯ ಬಣ್ಣ. ಬೇರೆ ಬಣ್ಣ ಬೇಕಿಲ್ಲ. ಚಿತ್ರದುರ್ಗದ ಸೀಮೆಯ ಚಳ್ಳಕೆರೆಯು ಈ ವ್ಯಾಪಾರಕ್ಕೆ ಹೆಸರಾದ ಪೇಟೆ.

ಇದರ ಗುಣಕ್ಕೆ ಕಾರಣವೇನು? ನಿಶ್ಚಲವಾದ ಗಾಳಿಯಲ್ಲಿ ಶಾಖವು ಸುಲಭವಾಗಿ ಹರಿಯದು. ಉಣ್ಣೆಯ ಎಳೆಗಳು ಒಂದಕ್ಕೊಂದು ತೆಕ್ಕೆಬಿದ್ದು, ನಡುವೆ ಗಾಳಿಯನ್ನು ಹಿಡಿದಿಡುತ್ತವೆ. ಒರಟು ಕೂದಲಿನಲ್ಲಿ ಅನೇಕ ಎಳೆಗಳ ಒಳಗೂ ಪೊಳ್ಳಿರುತ್ತದೆ. ಎಳೆಯ ಮೇಲಿನ ಸಹಜವಾದ ಜಿಡ್ಡು ಮಳೆಯ ಹನಿಯನ್ನು ಜಾರಿಸುತ್ತದೆ. ಹಾಗಿದ್ದರೂ ಗಾಳಿಯ ತೇವವನ್ನು ಉಣ್ಣೆಯು ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲಿನವರೆಗೆ ಒದ್ದೆಯೆನಿಸದಂತೆ ಹೀರಬಲ್ಲದು. ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಆದುದರಿಂದಲೇ ಮಾಗಿಯ ಬಯಲುಗಾಳಿಯಲ್ಲಿ ಮಂದೆಯ ಬಳಿ ಮಲಗುವ ಕುರಿಗಾಹಿಗೂ, ಆಷಾಢದ ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಸಸಿ ನೆಡುವ ಮಲೆನಾಡಿನ ಒಕ್ಕಲಿಗೂ ಒಂದೇ ಹೊದಿಕೆ ಸಾಕಾಯಿತು. ನಯವಾದ ಶಾಲಿನಿಂದ ಈ ಕೆಲಸವು ಆಗತಕ್ಕುದಲ್ಲ.

ಉಪಯೋಗದ ಹಿಂದೆಯೇ ಗೌರವವೂ ಬಂದಿತು. ದೇವಕಾರ್ಯದಲ್ಲಿ ಕರಿಯ ಕಂಬಳಿಯ ಗದ್ದುಗೆ ಹಾಸುವುದುಂಟು. ಮೈಲಾರಲಿಂಗನ ಗೊರವರಿಗೆ ಕಂಬಳಿಯೇ ನಿಲುವಂಗಿ. ಕುರುಬರಲ್ಲಿ ಉಣ್ಣೆಕಂಕಣದವರು, ಹತ್ತಿಕಂಕಣದವರು ಎಂಬ ಪಂಗಡಗಳ ಹೆಸರು ಮದುವೆಯಲ್ಲಿ ಕಟ್ಟುವ ಕಂಕಣದ ನೂಲಿನಿಂದಲೇ ಬಂದಿವೆ.

1884ರಲ್ಲಿ ಬೆಂಗಳೂರಿನಲ್ಲಿ ಉಣ್ಣೆ, ಹತ್ತಿ ಮತ್ತು ರೇಷ್ಮೆಯ ಗಿರಣಿಯು ಹುಟ್ಟಿತು. ಯಂತ್ರದ ನಯವಾದ ಹೊದಿಕೆಗೆ ಪಟ್ಟಣದವರು ಒಲಿದರು. ಆ ಗಿರಣಿಯೂ ಈಗ ಇಲ್ಲ. ತರುವಾಯ ಕೃತಕ ನೂಲಿನ ಅಗ್ಗದ ಹೊದಿಕೆಗಳು ಹಳ್ಳಿಯ ಸಂತೆಯನ್ನೂ ಹೊಕ್ಕವು; ಮಳೆಗೆ ಪ್ಲಾಸ್ಟಿಕ್ ಹಾಳೆ ಬಂದಿತು. ಉಣ್ಣೆಗೆ ಬೆಲೆಯಿಲ್ಲದಾಗಲು, ಕುರಿಗಾಹಿಗಳು ಮಾಂಸಕ್ಕೆ ಹೆಚ್ಚಿನ, ಉಣ್ಣೆಯಿಲ್ಲದ ತಳಿಗಳ ಕಡೆಗೆ ತಿರುಗಿದರು. ಕತ್ತರಿಸುವ ಕೂಲಿಯೂ ಹುಟ್ಟದೆ, ಉಣ್ಣೆಯನ್ನು ಬಯಲಿನಲ್ಲಿಯೇ ಎಸೆದು ಹೋಗುವುದನ್ನು ಇಂದು ಕಾಣಬಹುದು. ಒಂದು ಬಟ್ಟೆಯ ಬಳಕೆ ತಪ್ಪಿದರೆ ನಷ್ಟವು ಬಟ್ಟೆಯೊಂದಕ್ಕೇ ನಿಲ್ಲದು: ಕುರಿಯ ತಳಿ, ನೂಲುವ ಮುದುಕಿಯ ಬೆರಳು, ಮಗ್ಗದ ಲೆಕ್ಕ, ಇವೆಲ್ಲವೂ ಒಂದರ ಹಿಂದೊಂದು ಹೋಗುತ್ತವೆ, ಹೋದ ಮೇಲೆ ಪುಸ್ತಕದಿಂದ ಕಲಿತು ತರುವುದು ಸಾಧ್ಯವಿಲ್ಲ.

ಕಂಬಳಿಯ ಮೇಲೆ ಕುಳಿತು ಉಂಡು ಕೂದಲನ್ನು ಹುಡುಕಿದಂತೆ ಎಂಬ ಗಾದೆ ಕನ್ನಡಿಗರಲ್ಲಿ ಉಂಟು. ಕೂದಲಿಲ್ಲದೆ ಕಂಬಳಿಯಿಲ್ಲ. ತಲೆತಲಾಂತರದಿಂದ ಚಳಿಯನ್ನೂ ಮಳೆಯನ್ನೂ ಆ ಒರಟು ಕೂದಲಿನ ಮರೆಯಲ್ಲಿ ಕಳೆದ ನಾಡು, ಅದೇ ಕೂದಲನ್ನು ದೋಷವೆಂದೆಣಿಸಿ ಕಂಬಳಿಯನ್ನು ಬಿಡುತ್ತಿದೆ.